ಹದಿನೇಳರ ಹುಡುಗಿಯ ಸಹಿಗೆ ಬೆಲೆಯಿದೆಯೇ?

ನಮಸ್ಕಾರ. ತೀರ್ಥಹಳ್ಳಿಯ ತಾಯಿಯೊಬ್ಬರ ಪ್ರಶ್ನೆ ಇದು. ಮಗಳಿಗೆ ಹದಿನೇಳು ವರ್ಷ, ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾಳೆ. ಶಿವಮೊಗ್ಗದ ಅಂಗಡಿಯೊಂದು ವರ್ಷದ ಕರಾರಿಗೆ ಮುಂದೆ ಬಂದಿದೆ. ಅವಳೇ ಸಹಿ ಹಾಕಬಹುದೇ?

ಹಾಕಿದರೂ ಆ ಕರಾರು ಅವಳನ್ನು ಕಟ್ಟಿಹಾಕುವುದಿಲ್ಲ. 1872ರ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಕರಾರು ಮಾಡಲು ಪ್ರಾಪ್ತ ವಯಸ್ಸು, ಅಂದರೆ ಹದಿನೆಂಟು, ತುಂಬಿರಬೇಕು.

ಇದರ ಹಿಂದಿನ ಮೊಕದ್ದಮೆಯನ್ನು ಹೇಳಲೇಬೇಕು.

(ಪರದೆಯಲ್ಲಿ: ಹಳೆಯ ಕಲ್ಕತ್ತೆ)

1895ರಲ್ಲಿ ಧರ್ಮದಾಸ್ ಘೋಷ್ ಎಂಬ ಅಪ್ರಾಪ್ತ ಯುವಕ ಬ್ರಹ್ಮೋ ದತ್ತ ಎಂಬ ಲೇವಾದೇವಿದಾರನಿಗೆ 20,000 ರೂಪಾಯಿಯ ಅಡಮಾನಪತ್ರ ಬರೆದುಕೊಟ್ಟ. ಹುಡುಗನಿಗೆ ವಯಸ್ಸು ತುಂಬಿಲ್ಲವೆಂದು ಸಾಹುಕಾರನ ವಕೀಲನಿಗೆ ಮೊದಲೇ ತಿಳಿದಿತ್ತು! ಮೊಕದ್ದಮೆ ಆಗ ನಮಗೂ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. 1903ರಲ್ಲಿ ಬಂದ ತೀರ್ಪು: ಅಪ್ರಾಪ್ತನ ಕರಾರು ಬುಡದಿಂದಲೇ ಅಸಿಂಧು. ಪಡೆದ ಹಣವನ್ನು ಮರಳಿಸೆಂದೂ ಹುಡುಗನಿಗೆ ಹೇಳಲಿಲ್ಲ. ಅಂದಮೇಲೆ ಹದಿನೇಳರ ವ್ಯಾಪಾರಿಗೆ ಮುಂಗಡ ಕೊಡುವ ಧೈರ್ಯ ಯಾವ ಮಂಡಿಗೆ ಬಂದೀತು? ಕಾಡುಹಂದಿ ನುಗ್ಗದಿರಲೆಂದು ಹಾಕಿದ ಬೇಲಿಗೆ ದಣಪೆಯನ್ನೇ ಬಿಡದಿದ್ದರೆ ತೋಟದ ಅಡಿಕೆ ಹೊರಗೆ ಬರುವುದು ಎಲ್ಲಿಂದ?

ಫ್ರಾನ್ಸಿನವರು ದಣಪೆ ಇಟ್ಟಿದ್ದಾರೆ. ಅಲ್ಲಿ ಹದಿನಾರು ತುಂಬಿದವರನ್ನು ನ್ಯಾಯಾಧೀಶರು ಪೋಷಕರ ಅಧೀನದಿಂದ ಬಿಡುಗಡೆ ಮಾಡಬಹುದು. 1974ರಲ್ಲಿ ಪ್ರಾಪ್ತ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದಾಗ ಇಂಥವರು ವ್ಯಾಪಾರಿಗಳಾಗುವುದನ್ನು ಕಾನೂನು ತಡೆಯಿತು. 2010ರಲ್ಲಿ ಆ ತಡೆ ಸಡಿಲವಾಯಿತು. ಆದರೆ ಬಿಡುಗಡೆಯೊಂದೇ ಸಾಲದು, ವ್ಯಾಪಾರಕ್ಕೆಂದೇ ನ್ಯಾಯಾಧೀಶರ ಅನುಮತಿ ಬೇಕು. ಈ ಎರಡನೇ ಬೀಗ ನನಗೆ ಬಹಳ ಹಿಡಿಸಿತು. ನಮ್ಮ ಕಾನೂನಿನಲ್ಲಿ ಇಂಥ ಬಿಡುಗಡೆಯೇ ಇಲ್ಲ. ಇರಬೇಕು. ಶಿವಮೊಗ್ಗದ ನ್ಯಾಯಾಲಯವೂ ಒಬ್ಬ ಹುಡುಗಿಯ ಲೆಕ್ಕಪುಸ್ತಕ ನೋಡಿ, ಅವಳ ಮಾತು ಕೇಳಿ ತೀರ್ಮಾನಿಸುವಂತಾಗಬೇಕು.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ತಾಯಿಯವರೇ, ಕರಾರು ನಿಮ್ಮ ಹೆಸರಿನಲ್ಲಿರಲಿ. ಕರಾರು ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪ್ರಾಪ್ತರೂ ಏಜೆಂಟ್ ಆಗಬಹುದು, ಆದ್ದರಿಂದ ಅಂಗಡಿಯವರೊಂದಿಗೆ ನಿಮ್ಮ ಪರವಾಗಿ ಮಗಳೇ ಮಾತುಕತೆ ನಡೆಸಲಿ. ಹತ್ತು ದಾಟಿದವರಿಗೆ ಸ್ವಂತವಾಗಿ ನಡೆಸುವ ಉಳಿತಾಯ ಖಾತೆ ಕೊಡಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅವಕಾಶ ನೀಡಿದೆ. ಪಾಲುದಾರಿಕೆ ಸಂಸ್ಥೆಯಿದ್ದರೆ, 1932ರ ಕಾಯ್ದೆಯ 30ನೇ ಸೆಕ್ಷನ್ ಅಡಿ ಎಲ್ಲ ಪಾಲುದಾರರೂ ಒಪ್ಪಿ ಅವಳನ್ನು ಲಾಭಕ್ಕೆ ಮಾತ್ರ ಸೇರಿಸಿಕೊಳ್ಳಬಹುದು. ಹದಿನೆಂಟು ತುಂಬಿದ ಮೇಲೆ ಆರು ತಿಂಗಳೊಳಗೆ ತನ್ನ ನಿರ್ಧಾರವನ್ನು ಅವಳು ಸಾರ್ವಜನಿಕ ನೋಟಿಸಿನಲ್ಲಿ ತಿಳಿಸಬೇಕು. ಸುಮ್ಮನಿದ್ದರೆ ಪೂರ್ಣ ಪಾಲುದಾರಳಾಗುತ್ತಾಳೆ. ಸೇರಿದ ದಿನದಿಂದಿನ ಸಾಲದ ಹೊಣೆಯೂ ಅವಳ ಮೇಲೆ ಬೀಳುತ್ತದೆ. ಆ ಗಡುವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.