ಢಾಕಾದ ಸಹಿ, ಕೋಲ್ಕತ್ತಾದ ಮುನಿಸು

ಎಲ್ಲರಿಗೂ ನಮಸ್ಕಾರ.

ವಿದೇಶಾಂಗ ನೀತಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಟಿವಿಯಲ್ಲಿ ನೋಡಿದ ಚಿತ್ರ. ಎರಡು ಬಾವುಟ, ಉದ್ದ ಮೇಜು, ಕ್ಯಾಮೆರಾ ಕಡೆ ನೋಡುತ್ತಾ ಕೈಕುಲುಕುವ ಇಬ್ಬರು ನಾಯಕರು. ಆ ಫೋಟೊದಲ್ಲಿ ಇಲ್ಲದವರ ಬಗ್ಗೆ ಇವತ್ತು ಮಾತಾಡೋಣ ಅಂತಿದ್ದೇನೆ. ಯಾಕೆಂದರೆ ಒಪ್ಪಂದ ಆಗುತ್ತದೋ ಇಲ್ಲವೋ ಅನ್ನುವುದನ್ನು ಎಷ್ಟೋ ಸಲ ಅವರೇ ತೀರ್ಮಾನ ಮಾಡಿರುತ್ತಾರೆ.

ಚೀನಾ, ಪಾಕಿಸ್ತಾನದ ಕಥೆ ನೀವು ದಿನಾ ಕೇಳುತ್ತೀರಿ. ನಾನು ಬಾಂಗ್ಲಾದೇಶದ ಕಥೆ ಹೇಳುತ್ತೇನೆ. ನಮ್ಮಿಬ್ಬರ ನಡುವೆ 4,096 ಕಿಲೋಮೀಟರ್ ಗಡಿ ಇದೆ, ಆ ಗಡಿ ದಾಟುವ ನದಿಗಳು 54 ಅಂತ ಸರ್ಕಾರಿ ಲೆಕ್ಕ. ಅದರಲ್ಲಿ ಎರಡೇ ನದಿಗಳನ್ನು ತೆಗೆದುಕೊಳ್ಳೋಣ, ಗಂಗಾ ಮತ್ತು ತೀಸ್ತಾ. ಮೊದಲನೆಯದರ ನೀರು ಹಂಚಿಕೆ ಒಪ್ಪಂದಕ್ಕೆ ಸಹಿ ಹಾಕಿದ್ದು ಕನ್ನಡಿಗ ಪ್ರಧಾನಿ. ಎರಡನೆಯದು ಮುರಿದುಬಿದ್ದಾಗ ವಿದೇಶಾಂಗ ಸಚಿವರಾಗಿದ್ದವರೂ ಕನ್ನಡಿಗರೇ. ಇಬ್ಬರೂ ಮಂಡ್ಯ-ಹಾಸನದ ಕಡೆಯವರು, ಕಾವೇರಿ ಜಗಳದಲ್ಲಿ ಪಳಗಿದವರು. ಇದು ಕಾಕತಾಳೀಯ, ಆದರೆ ಒಳ್ಳೆ ಕಾಕತಾಳೀಯ.

ಮೊದಲು ಫರಕ್ಕಾ. ಪಶ್ಚಿಮ ಬಂಗಾಳದಲ್ಲಿ, ಬಾಂಗ್ಲಾದೇಶದ ಗಡಿಗೆ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲದ ಜಾಗದಲ್ಲಿ ಗಂಗೆಗೆ ಅಡ್ಡವಾಗಿ ಕಟ್ಟಿದ ಬ್ಯಾರೇಜ್ ಅದು. ಕೆಲಸ ಶುರುವಾಗಿದ್ದು 1961ರಲ್ಲಿ, ನೀರು ತಿರುಗಿಸಿದ್ದು 1975ರಲ್ಲಿ. ಗದ್ದೆಗೆ ನೀರು ಕೊಡಲು ಕಟ್ಟಿದ್ದಲ್ಲ. ಕೋಲ್ಕತ್ತಾ ಬಂದರಿನಲ್ಲಿ ಹೂಳು ತುಂಬಿ ಹಡಗು ಬರುವುದೇ ಕಷ್ಟವಾಗಿತ್ತು, ಅದನ್ನು ತೊಳೆದು ಹೊರಹಾಕಲು 40,000 ಕ್ಯೂಸೆಕ್ ನೀರನ್ನು ಫೀಡರ್ ಕಾಲುವೆ ಮೂಲಕ ಹೂಗ್ಲಿಗೆ ತಿರುಗಿಸುವ ಯೋಜನೆ. ಮಳೆಗಾಲದಲ್ಲಿ ಯಾರಿಗೂ ತೊಂದರೆ ಇಲ್ಲ, ನೀರು ಬೇಕಾದಷ್ಟಿರುತ್ತದೆ. ಮಾರ್ಚ್-ಏಪ್ರಿಲ್ ಬಂದಾಗ ಶುರುವಾಗುವುದು ಜಗಳ. ನಾವು 40,000 ತೆಗೆದುಕೊಂಡರೆ ಕೆಳಗಿನವರಿಗೆ ಉಳಿಯುವುದೆಷ್ಟು?

ಅವರು ಸುಮ್ನೆ ಕೂರಲಿಲ್ಲ. 1976ರ ಮೇ ತಿಂಗಳಲ್ಲಿ ಅಲ್ಲಿನ ಹಿರಿಯ ರಾಜಕಾರಣಿ ಮೌಲಾನಾ ಭಾಶಾನಿ ಸಾವಿರಾರು ಜನರನ್ನು ಕಟ್ಟಿಕೊಂಡು ಫರಕ್ಕಾ ಕಡೆ ಪಾದಯಾತ್ರೆ ಹೊರಟರು. ಅದೇ ವರ್ಷ ಬಾಂಗ್ಲಾ ಸರ್ಕಾರ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತು. 1977ರಲ್ಲಿ ಮೊರಾರ್ಜಿ ಸರ್ಕಾರ ಐದು ವರ್ಷದ ಒಪ್ಪಂದ ಮಾಡಿತು, ಆಮೇಲೆ 1982, 1985ರಲ್ಲಿ ತೇಪೆ ಹಾಕಿದರು. 1988ರ ನಂತರ ಅದೂ ಇಲ್ಲ. ಎಂಟು ವರ್ಷ ಕಾಗದವೇ ಇಲ್ಲದೆ ನದಿ ಹರಿಯಿತು.

1996ಕ್ಕೆ ಬನ್ನಿ. ಜೂನ್ 1ಕ್ಕೆ ದೇವೇಗೌಡರು ಪ್ರಧಾನಿಯಾದರು. ಹದಿಮೂರು ಪಕ್ಷಗಳ ಸಂಯುಕ್ತ ರಂಗ, ಹೊರಗಿನಿಂದ ಕಾಂಗ್ರೆಸ್ ಬೆಂಬಲ, ಇವತ್ತೋ ನಾಳೆಯೋ ಅನ್ನುವ ಸರ್ಕಾರ. ಅದೇ ತಿಂಗಳು ಢಾಕಾದಲ್ಲಿ ಶೇಖ್ ಹಸೀನಾ ಪ್ರಧಾನಿಯಾದರು, 21 ವರ್ಷಗಳ ನಂತರ ಅವರ ಪಕ್ಷ ಅವಾಮಿ ಲೀಗ್‌ಗೆ ಅಧಿಕಾರ ಸಿಕ್ಕಿತ್ತು. ಡಿಸೆಂಬರ್ 12ಕ್ಕೆ ದೆಹಲಿಯಲ್ಲಿ ಇಬ್ಬರೂ 30 ವರ್ಷದ ಗಂಗಾ ಒಪ್ಪಂದಕ್ಕೆ ಸಹಿ ಹಾಕಿದರು. ಬಲವಾದ ಸರ್ಕಾರ ಇದ್ದರೆ ಮಾತ್ರ ದೊಡ್ಡ ಒಪ್ಪಂದ ಸಾಧ್ಯ ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? ಇಂದಿರಾ ಗಾಂಧಿ ಮತ್ತು ರಾಜೀವ್ ಗಾಂಧಿ ಅಷ್ಟೊಂದು ಸಂಸದರನ್ನು ಇಟ್ಟುಕೊಂಡು ಮಾಡಲಾಗದ್ದನ್ನು ಈ ಕುಂಟುವ ಸರ್ಕಾರ ಆರೇ ತಿಂಗಳಲ್ಲಿ ಮಾಡಿತು.

ಹೇಗೆ? ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ನೆರೆಹೊರೆಯವರ ಜೊತೆ ಲೆಕ್ಕಕ್ಕೆ ಲೆಕ್ಕ ಕೇಳಬಾರದು ಅನ್ನುತ್ತಿದ್ದರು, ಅದು ನಿಜ. ಆದರೆ ನನ್ನ ಪ್ರಕಾರ ಕೀಲಿ ಇದ್ದದ್ದು ಕೋಲ್ಕತ್ತಾದಲ್ಲಿ, ಜ್ಯೋತಿ ಬಸು ಕೈಯಲ್ಲಿ. ಅವರು ಆಗ ಸುಮಾರು ಎರಡು ದಶಕದಿಂದ ಬಂಗಾಳದ ಮುಖ್ಯಮಂತ್ರಿ. ಅವರ ಪಕ್ಷದ ಬೆಂಬಲ ಇಲ್ಲದೆ ದೆಹಲಿ ಸರ್ಕಾರ ನಿಲ್ಲುತ್ತಿರಲಿಲ್ಲ. ದೇವೇಗೌಡರಿಗಿಂತ ಮೊದಲು ಪ್ರಧಾನಿ ಕುರ್ಚಿ ಅವರ ಬಳಿಗೂ ಹೋಗಿತ್ತು, ಪಕ್ಷ ಬೇಡ ಅಂದಿತು, ಅದನ್ನು ಅವರೇ ಮುಂದೆ ಚಾರಿತ್ರಿಕ ಪ್ರಮಾದ ಅಂದರು. ಅವರ ಪೂರ್ವಜರ ಮನೆ ಢಾಕಾ ಸಮೀಪದ ಬಾರೋದಿಯಲ್ಲಿತ್ತು. ನವೆಂಬರ್ ಕೊನೆಯಲ್ಲಿ ಅವರು ತಾವೇ ಢಾಕಾಗೆ ಹೋಗಿ ಹಸೀನಾ ಜೊತೆ ಮಾತಾಡಿ ಬಂದರು. ನೀರು ಬಿಟ್ಟುಕೊಡಬೇಕಾದ ರಾಜ್ಯದ ಮುಖ್ಯಮಂತ್ರಿಯೇ ಒಪ್ಪಂದದ ಒಂದು ಕೈಯಾದರು. ಬಂಗಾಳದ ನೀರು ಮಾರಿದರು ಅಂತ ಯಾರಾದರೂ ಕೂಗಿದರೆ ಉತ್ತರ ಕೊಡಬೇಕಾದವರೂ ಅವರೇ.

ಒಪ್ಪಂದದ ಲೆಕ್ಕ ಸರಳವಾಗಿದೆ. ಜನವರಿ 1ರಿಂದ ಮೇ 31ರವರೆಗೆ ಹತ್ತು ಹತ್ತು ದಿನದ ಕಂತು. ಫರಕ್ಕಾಕ್ಕೆ ಬರುವ ನೀರು 70,000 ಕ್ಯೂಸೆಕ್ ಒಳಗಿದ್ದರೆ ಅರ್ಧರ್ಧ. 70ರಿಂದ 75 ಸಾವಿರದ ನಡುವೆ ಇದ್ದರೆ ಬಾಂಗ್ಲಾಗೆ 35,000, ಉಳಿದದ್ದು ನಮಗೆ. ಅದಕ್ಕಿಂತ ಜಾಸ್ತಿ ಇದ್ದರೆ ನಮಗೆ 40,000, ಉಳಿದದ್ದು ಅವರಿಗೆ. ಮಾರ್ಚ್ 11ರಿಂದ ಮೇ 10ರವರೆಗಿನ ಕಠಿಣ ದಿನಗಳಲ್ಲಿ ಕಂತು ಬಿಟ್ಟು ಕಂತಿಗೆ ಒಬ್ಬೊಬ್ಬರಿಗೆ 35,000 ಖಾತರಿ. ಮೊದಲ ಬೇಸಿಗೆಯಲ್ಲೇ ಹರಿವು ಈ ಲೆಕ್ಕಕ್ಕಿಂತ ಎಷ್ಟೋ ಕೆಳಗಿಳಿಯಿತು, ಢಾಕಾದಲ್ಲಿ ಗಲಾಟೆಯಾಯಿತು. ಹಸೀನಾ ದೇಶ ಮಾರಿದರು ಅಂತ ಖಲೀದಾ ಜಿಯಾ ಅವರ ಬಿಎನ್‌ಪಿ ಬೈಯ್ದಿತು. ಆದರೂ ಒಪ್ಪಂದ ಮುರಿಯಲಿಲ್ಲ. 2001ರಲ್ಲಿ ಅದೇ ಬಿಎನ್‌ಪಿ ಅಧಿಕಾರಕ್ಕೆ ಬಂದಾಗಲೂ ಅದನ್ನು ಹರಿದು ಹಾಕಲಿಲ್ಲ.

ಈಗ ತೀಸ್ತಾ. ಸಿಕ್ಕಿಂನಲ್ಲಿ ಹುಟ್ಟಿ, ಉತ್ತರ ಬಂಗಾಳದಲ್ಲಿ ಇಳಿದು, ಬಾಂಗ್ಲಾದ ರಂಗ್‌ಪುರ ಭಾಗಕ್ಕೆ ಹೋಗುವ ನದಿ. ಗಡಿಯ ಈಚೆ ಗಜಲ್ಡೋಬಾದಲ್ಲಿ ನಮ್ಮ ಬ್ಯಾರೇಜ್, ಆಚೆ ದಾಲಿಯಾದಲ್ಲಿ ಅವರದು. 1983ರಲ್ಲಿ ಒಂದು ತಾತ್ಕಾಲಿಕ ಹಂಚಿಕೆ ಆಗಿತ್ತು: ನಮಗೆ ಶೇ. 39, ಅವರಿಗೆ ಶೇ. 36, ಉಳಿದ ಕಾಲು ಭಾಗ ಆಮೇಲೆ ನೋಡೋಣ ಅಂತ. ಆ 'ಆಮೇಲೆ' 2011ರ ಸೆಪ್ಟೆಂಬರ್‌ನಲ್ಲಿ ಬರಬೇಕಿತ್ತು. ಕರಡು ತಯಾರಾಗಿತ್ತು. ಮನಮೋಹನ್ ಸಿಂಗ್ 6ನೇ ತಾರೀಕು ಢಾಕಾಗೆ ಹೊರಡಬೇಕು, ಜೊತೆಗೆ ಗಡಿ ರಾಜ್ಯಗಳ ಐವರು ಮುಖ್ಯಮಂತ್ರಿಗಳು. ಹೊರಡುವ ಹೊತ್ತಿಗೆ ಮಮತಾ ಬ್ಯಾನರ್ಜಿ ನಾನು ಬರಲ್ಲ ಅಂದರು. ತಮಗೆ ಮೊದಲು ಹೇಳಿದ್ದು ಒಂದು, ಕೊನೆಗೆ ಕರಡಿನಲ್ಲಿ ಇದ್ದದ್ದು ಇನ್ನೊಂದು ಅನ್ನುವುದು ಅವರ ದೂರು. ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂ ಮುಖ್ಯಮಂತ್ರಿಗಳು ವಿಮಾನ ಹತ್ತಿದರು. ತೀಸ್ತಾ ಕರಡು ಸಹಿ ಇಲ್ಲದೆ ವಾಪಸ್ ಬಂತು.

ಕಾನೂನು ನೋಡಿದರೆ ಮಮತಾ ಒಪ್ಪಿಗೆ ಬೇಕೇ ಇರಲಿಲ್ಲ. ನೀರು ರಾಜ್ಯಪಟ್ಟಿಯ ವಿಷಯ ನಿಜ, ಆದರೆ ಸಂವಿಧಾನದ 253ನೇ ವಿಧಿ ಪ್ರಕಾರ ಅಂತಾರಾಷ್ಟ್ರೀಯ ಒಪ್ಪಂದ ಜಾರಿ ಮಾಡಲು ಸಂಸತ್ತು ಯಾವ ವಿಷಯದ ಮೇಲಾದರೂ ಕಾನೂನು ಮಾಡಬಹುದು. ಆದರೆ ದೆಹಲಿಗೆ 253ನೇ ವಿಧಿಗಿಂತ 19 ದೊಡ್ಡದಾಗಿ ಕಂಡಿತು. 19 ಅಂದರೆ ಆಗ ಯುಪಿಎ ಒಳಗಿದ್ದ ತೃಣಮೂಲ ಸಂಸದರು. ಮಮತಾ ಮೂವತ್ತನಾಲ್ಕು ವರ್ಷದ ಎಡರಂಗವನ್ನು ಸೋಲಿಸಿ ಮುಖ್ಯಮಂತ್ರಿಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಆ ಹೊತ್ತಲ್ಲಿ ಅವರನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗಿತ್ತು?

ಮಮತಾರನ್ನು ಬರೀ ಹಟಮಾರಿ ಅಂತ ಬೈಯ್ದು ಮುಂದೆ ಹೋಗುವುದು ಸುಲಭ. ನಾನು ಹಾಗೆ ಮಾಡಲ್ಲ. ಬೇಸಿಗೆಯಲ್ಲಿ ತೀಸ್ತಾದಲ್ಲಿ ನಿಜಕ್ಕೂ ನೀರು ಕಡಿಮೆ. ಜಲ್ಪಾಯಿಗುಡಿ ರೈತರಿಗೆ ಕಾಲುವೆ ತೋರಿಸಿ ನೀರು ಕೊಡುತ್ತೇವೆ ಅಂತ ಭರವಸೆ ಕೊಟ್ಟಾಗಿದೆ. ಆಗ ವಿದೇಶಾಂಗ ಸಚಿವರಾಗಿದ್ದ ಎಸ್.ಎಂ. ಕೃಷ್ಣ ಅವರಿಗೆ ಇದು ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. 2002ರಲ್ಲಿ ಮುಖ್ಯಮಂತ್ರಿಯಾಗಿದ್ದಾಗ ಅವರೇ ಕಾವೇರಿಗಾಗಿ ಬೆಂಗಳೂರಿನಿಂದ ಮಂಡ್ಯ ಕಡೆ ಪಾದಯಾತ್ರೆ ಹೊರಟಿದ್ದರು. ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಾಂಗ ನಿಂದನೆ ಎದುರಿಸಿ, ಕ್ಷಮೆ ಕೇಳಿ, ನೀರು ಬಿಟ್ಟಿದ್ದರು. ತಮಿಳುನಾಡಿಗೆ ನೀರು ಬಿಡುವ ಮುಖ್ಯಮಂತ್ರಿಗೆ ಇಲ್ಲಿ ಏನಾಗುತ್ತದೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಜ್ಯೋತಿ ಬಸು ಸಂತ, ಮಮತಾ ಖಳನಾಯಕಿ ಅನ್ನುವುದಲ್ಲ ವಿಷಯ. ಬಸುಗೆ ರಾಜ್ಯದಲ್ಲಿ ಸೋಲಿನ ಹೆದರಿಕೆ ಇರಲಿಲ್ಲ, ಮಾತುಕತೆಯಲ್ಲಿ ಜಾಗ ಇತ್ತು. ಮಮತಾಗೆ ಎರಡೂ ಇರಲಿಲ್ಲ.

ಆ ಮುನಿಸಿನ ಬೆಲೆ ಕೂಡಲೇ ಗೊತ್ತಾಯಿತು. ಈಶಾನ್ಯ ರಾಜ್ಯಗಳ ಸರಕಿಗೆ ಬಾಂಗ್ಲಾದ ಚಿತ್ತಗಾಂಗ್ ಮತ್ತು ಮೊಂಗ್ಲಾ ಬಂದರು ಬಳಸಲು ಒಪ್ಪಿಗೆ ಕೊಡುವ ಪತ್ರವನ್ನು ಹಸೀನಾ ಸರ್ಕಾರವೂ ತಡೆಹಿಡಿಯಿತು. ನೀರಿಲ್ಲ ಅಂದರೆ ದಾರಿಯೂ ಇಲ್ಲ. ನಷ್ಟ ಆಗಿದ್ದು ಯಾರಿಗೆ? ತ್ರಿಪುರಾ, ಮಿಜೋರಾಂಗೆ. ಅವರ ಸಂಸದರ ಸಂಖ್ಯೆ ಎಣಿಸಲು ಒಂದು ಕೈ ಸಾಕು, ಹಾಗಾಗಿ ಅವರ ಮುನಿಸನ್ನು ದೆಹಲಿಯಲ್ಲಿ ಯಾರೂ ಕೇಳಲಿಲ್ಲ.

ಒಬ್ಬರ ದೇಶದೊಳಗೆ ಸಿಕ್ಕಿಕೊಂಡ ಇನ್ನೊಬ್ಬರ ತುಂಡು ನೆಲಗಳನ್ನು ಅದಲುಬದಲು ಮಾಡುವ ಗಡಿ ಒಪ್ಪಂದದ ಕಥೆ ಇನ್ನೂ ಮಜವಾಗಿದೆ. ಇಂದಿರಾ ಮತ್ತು ಆಗಿನ ಬಾಂಗ್ಲಾ ಪ್ರಧಾನಿ ಮುಜಿಬ್ ಸಹಿ ಹಾಕಿದ್ದು 1974ರಲ್ಲಿ. ಜಾರಿಯಾಗಿದ್ದು 2015ರ ಜುಲೈ 31ರ ಮಧ್ಯರಾತ್ರಿ. ನಡುವೆ 41 ವರ್ಷ 162 ಭೂಭಾಗಗಳ ಜನ ಅತಂತ್ರವಾಗಿದ್ದರು, ಬಾಂಗ್ಲಾ ಒಳಗೆ ನಮ್ಮ 111 ತುಂಡು, ನಮ್ಮೊಳಗೆ ಅವರ 51. ದಹಲಾ ಖಗ್ರಾಬಾರಿ ಅನ್ನುವ ತುಂಡು ಭಾರತದ್ದು, ಅದರ ಸುತ್ತ ಬಾಂಗ್ಲಾ, ಅದರ ಸುತ್ತ ಭಾರತ, ಅದರ ಸುತ್ತ ಮತ್ತೆ ಬಾಂಗ್ಲಾ. ಎರಡೇ ಎಕರೆಯೂ ಇಲ್ಲದ ಹೊಲ ಅದು! ವಿರೋಧ ಪಕ್ಷದಲ್ಲಿದ್ದಾಗ ಬಿಜೆಪಿ ಈ ಒಪ್ಪಂದ ಜಾರಿ ಮಾಡುವ ಮಸೂದೆಯನ್ನು ವಿರೋಧಿಸಿತ್ತು. ಅಧಿಕಾರಕ್ಕೆ ಬಂದ ಮೇಲೂ, ಮುಂದಿನ ವರ್ಷ ಅಸ್ಸಾಂ ಚುನಾವಣೆ ಇದೆ ಅಂತ ಅಸ್ಸಾಂ ಭಾಗವನ್ನು ಮಾತ್ರ ಕೈಬಿಡುವ ಯೋಚನೆ ನಡೆಯಿತು. ಕೊನೆಗೆ ಪೂರ್ತಿ ಮಸೂದೆ ಮಂಡಿಸಿದರು, ಎರಡೂ ಸದನಗಳಲ್ಲಿ ಸರ್ವಾನುಮತದಿಂದ ಪಾಸಾಯಿತು. ಕಾಂಗ್ರೆಸ್ ಬೆಂಬಲಿಸಿತು, ಮಮತಾ ಕೂಡ ಒಪ್ಪಿದರು. ವಿಷಯ ಬದಲಾಗಿರಲಿಲ್ಲ, ಕೂತ ಕುರ್ಚಿ ಬದಲಾಗಿತ್ತು.

ಆಚೆ ಕಡೆಯೂ ಮನೆ ಇದೆ, ಅಲ್ಲಿಯೂ ರಾಜಕೀಯ ಇದೆ. 2019ರ ಅಕ್ಟೋಬರ್‌ನಲ್ಲಿ ಹಸೀನಾ ದೆಹಲಿಗೆ ಬಂದು, ತ್ರಿಪುರಾದ ಸಬ್ರೂಮ್ ಪಟ್ಟಣಕ್ಕೆ ಕುಡಿಯಲು ಫೆನಿ ನದಿಯಿಂದ 1.82 ಕ್ಯೂಸೆಕ್ ಕೊಡಲು ಒಪ್ಪಿದರು. ಗಂಗೆಯ ಸಾವಿರಗಳ ಪಕ್ಕದಲ್ಲಿ ಇದು ಏನೂ ಅಲ್ಲ. ಆದರೆ ತೀಸ್ತಾ ನೀರು ಕೊಡದವರಿಗೆ ನಾವೇಕೆ ಕೊಡಬೇಕು ಅಂತ ಢಾಕಾ ಕೆರಳಿತು. ಹಾಗೆ ಫೇಸ್‌ಬುಕ್‌ನಲ್ಲಿ ಬರೆದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು ಆಳುವ ಪಕ್ಷದ ವಿದ್ಯಾರ್ಥಿ ಘಟಕದವರು ಹಾಸ್ಟೆಲ್‌ನಲ್ಲೇ ಹೊಡೆದು ಕೊಂದರು. ಅಲ್ಲಿಂದ ಭಾರತದ ಮೇಲಿನ ಸಿಟ್ಟು ಮತ್ತು ಹಸೀನಾ ಮೇಲಿನ ಸಿಟ್ಟು ಇನ್ನಷ್ಟು ಒಂದಾಗುತ್ತಾ ಹೋದವು. ದೆಹಲಿ ಒಬ್ಬರನ್ನೇ ನೆಚ್ಚಿಕೊಂಡು ಕೂತಿದ್ದರ ಫಲ ಇದು ಅನ್ನುವುದು ನನ್ನ ಅಭಿಪ್ರಾಯ.

ಖಾಲಿ ಜಾಗಕ್ಕೆ ಚೀನಾ ಬಂತು. ತೀಸ್ತಾದ ಹೂಳೆತ್ತಿ, ದಂಡೆ ಕಟ್ಟಿ, ನೀರು ಹಿಡಿದಿಡುವ ದೊಡ್ಡ ಯೋಜನೆಗೆ ಆಸಕ್ತಿ ತೋರಿಸಿತು. ಆ ಜಾಗದಿಂದ ನಮ್ಮ ಸಿಲಿಗುರಿ ಕಾರಿಡಾರ್ ದೂರವಿಲ್ಲ, ಈಶಾನ್ಯವನ್ನು ಉಳಿದ ದೇಶಕ್ಕೆ ಸೇರಿಸುವ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಗಲದ ಪಟ್ಟಿ ಅದು. ನೀರಿಗಾಗಿ ಹದಿಮೂರು ವರ್ಷ ಅಲುಗದ ದೆಹಲಿ, ಚೀನಾ ಹೆಸರು ಕೇಳಿದ ಮೇಲೆ 2024ರ ಜೂನ್‌ನಲ್ಲಿ ನಮ್ಮ ತಾಂತ್ರಿಕ ತಂಡ ಕಳಿಸುತ್ತೇವೆ ಅಂದಿತು. ಎರಡೇ ದಿನದಲ್ಲಿ ಮಮತಾ ಪ್ರಧಾನಿಗೆ ಪತ್ರ ಬರೆದರು: ರಾಜ್ಯವನ್ನು ಕೇಳದೆ ಇದೇನು ಮಾತುಕತೆ? ಜುಲೈನಲ್ಲಿ ಹಸೀನಾ, ಚೀನಾ ತಯಾರಿದೆ, ಆದರೆ ಈ ಕೆಲಸ ಭಾರತ ಮಾಡಲಿ ಅಂತ ನನ್ನ ಆಸೆ ಅಂದರು. ಆಗಸ್ಟ್ 5ಕ್ಕೆ ಅಧಿಕಾರ ಕಳೆದುಕೊಂಡು ಭಾರತಕ್ಕೆ ಓಡಿ ಬಂದರು. ಮುಂದಿನ ಮಾರ್ಚ್‌ನಲ್ಲಿ ಅಲ್ಲಿನ ಮಧ್ಯಂತರ ಸರ್ಕಾರದ ಮುಖ್ಯಸ್ಥ ಮುಹಮ್ಮದ್ ಯೂನುಸ್ ಬೀಜಿಂಗ್‌ಗೆ ಹೋದರು.

ದೇವೇಗೌಡರು ಸಹಿ ಹಾಕಿದ ಗಂಗಾ ಒಪ್ಪಂದದ 30 ವರ್ಷ 2026ರ ಡಿಸೆಂಬರ್ 12ಕ್ಕೆ ಮುಗಿಯುತ್ತದೆ. ಈ ಸಲ ಮಾತಾಡಬೇಕಾದವರು ಬಂಗಾಳದವರು ಮಾತ್ರ ಅಲ್ಲ. ಫರಕ್ಕಾದಿಂದ ಹೂಳು ನಿಂತು ನಮ್ಮಲ್ಲಿ ಪ್ರವಾಹ ಬರುತ್ತಿದೆ, ಬ್ಯಾರೇಜನ್ನೇ ತೆಗೆಯಿರಿ ಅಂತ ಬಿಹಾರದಿಂದ ನಿತೀಶ್ ಕುಮಾರ್ 2016ರಲ್ಲೇ ಕೇಳಿದ್ದರು. 2024ರ ಲೋಕಸಭೆಯಲ್ಲಿ ಅವರ ಪಕ್ಷಕ್ಕೆ 12 ಸಂಸದರು, ಕೇಂದ್ರ ಸರ್ಕಾರ ಅವರ ಬೆಂಬಲದ ಮೇಲೂ ನಿಂತಿದೆ. ಸಂಖ್ಯೆ ಹತ್ತೊಂಬತ್ತರಿಂದ ಹನ್ನೆರಡಕ್ಕೆ ಇಳಿದಿದೆ, ರಾಜ್ಯ ಬೇರೆ, ನದಿ ಬೇರೆ. ಪಟ್ನಾ ಮತ್ತು ಕೋಲ್ಕತ್ತಾವನ್ನು ಮೊದಲೇ ಕೂರಿಸಿ ಮಾತಾಡುತ್ತಾರೋ, ಢಾಕಾ ವಿಮಾನ ಹೊರಡುವ ಹೊತ್ತಿಗೆ ಕರಡು ತೋರಿಸುತ್ತಾರೋ, ನೋಡಬೇಕು. ಪ್ರಶ್ನೆಗಳಿದ್ದರೆ ಕೇಳಿ, ನಮಗಿನ್ನೂ ಸಮಯ ಇದೆ.