ಹೊಸ ತೆನೆ ಮತ್ತು ಕೊರ್ಬಾನ್

ಕೇಳುಗರಿಗೆ ನಮಸ್ಕಾರ.

ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನ. ಬೇಳ, ಮಂಜೇಶ್ವರ ಮೊದಲಾದ ನಮ್ಮ ಕಾಸರಗೋಡು ಸೀಮೆಯ ಊರುಗಳಲ್ಲಿ ಕಥೋಲಿಕರು ಅಂದು ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥನೆ ಮುಗಿದು ಮನೆಯ ಹಿರಿಯರು ಅದನ್ನು ಹಂಚಿದ ಮೇಲೆಯೇ ಊಟ. ಮೀನು, ಮಾಂಸ ಇಲ್ಲ. ತರಕಾರಿ ಪದಾರ್ಥಗಳು ಐದೋ ಏಳೋ, ಅಂತೂ ಬೆಸಸಂಖ್ಯೆಯಲ್ಲಿರಬೇಕು.

ಇದರಲ್ಲಿ ಬೈಬಲಿನಲ್ಲಿ ಇರುವುದೆಷ್ಟು? ಪ್ರಥಮಫಲವನ್ನು ದೇವರ ಸನ್ನಿಧಿಗೆ ತರಬೇಕೆಂಬ ಮಾತು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿದೆ. ನಿಮ್ಮ ನಡುವೆ ಇರುವ ಪರದೇಶಿಯೂ ಆ ಸಂತೋಷದಲ್ಲಿ ಪಾಲುಗೊಳ್ಳಲಿ ಎಂಬುದು ಅಲ್ಲಿಯೇ ಇದೆ. ತಾರೀಕು ಇಲ್ಲ, ಪದಾರ್ಥಗಳ ಲೆಕ್ಕವಂತೂ ಇಲ್ಲವೇ ಇಲ್ಲ. ಹಾಗೆಂದು ಬರೆಯದೇ ಇರುವುದನ್ನೆಲ್ಲ ಬಿಡಬೇಕೆಂದರೆ ಡಿಸೆಂಬರ್ 25 ಕೂಡ ಉಳಿಯದು. ಪೌಲನು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದಲ್ಲಿ ಸಂಪ್ರದಾಯಗಳನ್ನು ಬಿಗಿಯಾಗಿ ಹಿಡಿಯಿರಿ ಎನ್ನುತ್ತಾನೆ. ಅವನು ಬಳಸಿದ ಗ್ರೀಕ್ ಪದವೇ ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸು ಖಂಡಿಸಿದ ಸಂಪ್ರದಾಯಕ್ಕೂ ಇದೆ.

ಆ ಅಧ್ಯಾಯದಲ್ಲಿ ಜಗಳ ಆರಂಭವಾಗುವುದು ಕೈ ತೊಳೆಯದೆ ಉಂಡ ಶಿಷ್ಯರ ಬಗೆಗೆ. ಯೇಸು ಮಾತನ್ನು ತಿರುಗಿಸುವುದು ಕೊರ್ಬಾನಿನತ್ತ. ತಂದೆತಾಯಿಗೆ ಸಲ್ಲಬೇಕಾದುದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು, ಎಂದು ಹೇಳಿಬಿಟ್ಟವನು ಅವರಿಗೆ ಏನನ್ನೂ ಕೊಡುವಂತಿಲ್ಲ ಎಂಬ ಕಟ್ಟಳೆ ಅಂದು ನಡೆಯುತ್ತಿತ್ತು. ತಂದೆತಾಯಿಯನ್ನು ಗೌರವಿಸು ಎಂಬ ದೇವರ ಆಜ್ಞೆಯಿಂದ ನುಣುಚಿಕೊಳ್ಳಲು ಆಚಾರವು ದಾರಿಯಾದದ್ದೇ ಇಲ್ಲಿಯ ತಪ್ಪು. ನನ್ನ ಮಟ್ಟಿಗೆ ತಕ್ಕಡಿ ಇದೇ.

ಈ ತಕ್ಕಡಿಯಲ್ಲಿ ನಮ್ಮ ಮನೆಯ ಹಬ್ಬವನ್ನೇ ಇಡುತ್ತೇನೆ. ಜಾಗ ಪಾಲಾದ ವರ್ಷ, ಕುವೈತಿನಲ್ಲಿದ್ದ ಚಿಕ್ಕಪ್ಪನಿಗೆ ಲಕೋಟೆಯಲ್ಲಿ ನಾಲ್ಕು ಕಾಳು ತಪ್ಪದೆ ಹೋದವು. ಬೇಲಿಯಾಚೆಗಿದ್ದ ದೊಡ್ಡಪ್ಪನ ಮನೆಗೆ ಒಂದು ಕಾಳೂ ಹೋಗಲಿಲ್ಲ. ಪದಾರ್ಥ ಮಾತ್ರ ಲೆಕ್ಕ ತಪ್ಪದೆ ಏಳು. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನಮಾಡಿಕೋ ಎಂಬ ಮತ್ತಾಯನ 5ನೆಯ ಅಧ್ಯಾಯದ ಮಾತನ್ನು ಅಂದು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುವರ್ಷ ಅಜ್ಜಿ, ಪ್ರಾರ್ಥನೆಗೂ ಮೊದಲೇ, ಹಾಲಿನ ಲೋಟವನ್ನು ಸೆರಗಿನಿಂದ ಮುಚ್ಚಿಕೊಂಡು ತಾವೇ ಬೇಲಿ ದಾಟಿದರು. ಅವರು ದೊಡ್ಡಪ್ಪನನ್ನು ಕರೆದುಕೊಂಡು ಬರುವಷ್ಟರಲ್ಲಿ ಒಲೆಯ ಮೇಲಿದ್ದ ಕೆಸುವಿನ ದಂಟಿನ ಪದಾರ್ಥ ಸೀದುಹೋಗಿತ್ತು. ಆ ವರ್ಷದ ಐದು ಪದಾರ್ಥಗಳಲ್ಲಿ ಉಳಿದ ನಾಲ್ಕರಲ್ಲಿಯೇ ಎಲ್ಲರೂ ಉಂಡೆವು.