ಶಿರಾಡಿ ಹತ್ತುವ ಲಾರಿಗೆ ಕರೆಂಟು ಹೆಗಲು ಕೊಟ್ಟರೆ?

ನಮಸ್ಕಾರ. ಈಗ ನೀವು ನೋಡುತ್ತಿರುವುದು ಶಿರಾಡಿ ಘಾಟಿ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75. ಲೋಡ್ ಹೊತ್ತು ಹತ್ತುತ್ತಿರುವ ಆ ಲಾರಿಗಳನ್ನು ಗಮನಿಸಿ. ಎಂಜಿನ್ ತನ್ನ ಬಲವನ್ನೆಲ್ಲ ಹಾಕಿ ದುಡಿಯುತ್ತಿದೆ, ಆದರೂ ಲಾರಿ ತೆವಳುತ್ತಿದೆ. ಅದರ ಹಿಂದೆ ಬಸ್ಸು, ಕಾರು, ಆಂಬುಲೆನ್ಸ್, ಎಲ್ಲವೂ ಸಾಲಾಗಿ ಕಾಯುತ್ತಿವೆ.

ಇಂಥ ಲಾರಿಯ ಡೀಸೆಲ್ ಎಂಜಿನ್ ಹಾಗೇ ಇರಲಿ. ಅದರ ಜೊತೆಗೆ ಒಂದು ಮೋಟಾರು, ಒಂದು ಸಣ್ಣ ಬ್ಯಾಟರಿ ಕೂರಿಸಿ, ಏರು ಬಂದಾಗ ಮಾತ್ರ ಅದರ ಸಹಾಯ ಪಡೆದರೆ ಹೇಗೆ? ಪೂರ್ತಿ ಬ್ಯಾಟರಿಯಲ್ಲೇ ಓಡುವ ಲಾರಿಯ ಮಾತಲ್ಲ ಇದು. ಬರೀ ಆಸರೆಯ ಮಾತು.

ಸ್ವಲ್ಪ ಲೆಕ್ಕ ಹಾಕೋಣ. ಲಾರಿ, ಲೋಡು ಎಲ್ಲ ಸೇರಿ 40 ಟನ್ ಅಂದುಕೊಳ್ಳಿ. 700 ಮೀಟರ್ ಎತ್ತರಕ್ಕೆ ಹತ್ತಬೇಕು. ಅಷ್ಟು ತೂಕವನ್ನು ಅಷ್ಟು ಮೇಲಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 76 ಯೂನಿಟ್. ನಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಒಂದು ಲೀಟರ್ ಡೀಸೆಲ್‌ನಲ್ಲಿ ಹೆಚ್ಚುಕಡಿಮೆ 10 ಯೂನಿಟ್ ಶಕ್ತಿ ಇರುತ್ತದೆ. ಒಳ್ಳೆಯ ಎಂಜಿನ್ ಕೂಡ ಅದರಲ್ಲಿ ಚಕ್ರಕ್ಕೆ ತಲುಪಿಸುವುದು 4 ಯೂನಿಟ್‌ನಷ್ಟು. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಅಂದರೆ ಘಾಟಿಯ ಎತ್ತರಕ್ಕೇ 19 ಲೀಟರ್ ಡೀಸೆಲ್ ಖಾಲಿ!

ಈಗ ವೇಗ ನೋಡಿ. 100 ಮೀಟರ್‌ಗೆ 6 ಮೀಟರ್ ಏರುವ ರಸ್ತೆಯಲ್ಲಿ ಇದೇ ಲಾರಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗಲು ಸುಮಾರು 195 ಹೆಚ್‌ಪಿ ಬೇಕು. 30ರಲ್ಲಿ ಹೋಗಬೇಕಾದರೆ 290 ಹೆಚ್‌ಪಿ. ನಡುವಿನ ಅಂತರ 100 ಹೆಚ್‌ಪಿಯಷ್ಟೇ. ಅಷ್ಟು ಕೊಡುವ ಮೋಟಾರು ದೊಡ್ಡದೇನಲ್ಲ. ಇವತ್ತಿನ ಎಷ್ಟೋ ಎಲೆಕ್ಟ್ರಿಕ್ ಕಾರುಗಳಲ್ಲಿ ಅದಕ್ಕಿಂತ ಜಾಸ್ತಿ ಶಕ್ತಿಯ ಮೋಟಾರು ಇದೆ.

ಆದರೆ ನನಗೆ ಹತ್ತುವುದಕ್ಕಿಂತ ಮುಖ್ಯ ಅನ್ನಿಸುವುದು ಇಳಿಯುವುದು. ಘಾಟಿ ಇಳಿಯುವ ಲಾರಿಯ ಪಕ್ಕ ಹೋದವರಿಗೆಲ್ಲ ಆ ಬ್ರೇಕ್ ಲೈನರ್ ಸುಟ್ಟ ವಾಸನೆ ಗೊತ್ತು. 40 ಟನ್ ಕೆಳಗೆ ನುಗ್ಗದಂತೆ ಡ್ರೈವರ್ ಕೆಳಗಿನ ಗೇರಿನಲ್ಲಿ ಹಿಡಿದು, ಎಂಜಿನ್ನಿನ ಹೊಗೆಗೆ ತಡೆಯೊಡ್ಡಿ ಗಾಡಿಯನ್ನು ನಿಧಾನ ಮಾಡುವ ಎಕ್ಸಾಸ್ಟ್ ಬ್ರೇಕ್ ಹಾಕಿ, ಮತ್ತೆ ಮತ್ತೆ ಬ್ರೇಕ್ ಒತ್ತುತ್ತಾ ಬರುತ್ತಾರೆ. ಲೈನರ್ ಉಜ್ಜುವ ಬ್ರೇಕ್ ಡ್ರಮ್ ಕಾದರೆ ಬ್ರೇಕ್ ಹಿಡಿಯುವುದು ಕಡಿಮೆಯಾಗುತ್ತದೆ. ಅಲ್ಲಿಂದ ಮುಂದೆ ಜೀವದ ಪ್ರಶ್ನೆ.

ಮೋಟಾರು ಇದ್ದರೆ ಅದೇ ಇಳಿಜಾರಿನಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ಚಕ್ರ ಅದನ್ನು ತಿರುಗಿಸುತ್ತದೆ, ಅದು ಕರೆಂಟ್ ತಯಾರಿಸುತ್ತದೆ, ಲಾರಿಯನ್ನೂ ತಡೆಯುತ್ತದೆ. ಟಯರ್ ಉಜ್ಜಾಟ, ನಡುವಿನ ಸೋರಿಕೆ ಎಲ್ಲ ಕಳೆದರೂ 35 ಯೂನಿಟ್‌ನಷ್ಟು ವಾಪಸ್ ಸಿಗಬಹುದು ಅಂತ ನನ್ನ ಲೆಕ್ಕ. ಮುಂದಿನ ಸಲ ಹತ್ತುವಾಗ ಬೇಕಾದದ್ದರಲ್ಲಿ ಹತ್ತಿರಹತ್ತಿರ ಅರ್ಧ. ಪುಕ್ಕಟೆ.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಸ್ವಿಟ್ಜರ್ಲೆಂಡಿನ ಬೀಲ್ ಊರಿನ ಹತ್ತಿರ ಒಂದು ಸಿಮೆಂಟ್ ಕಂಪನಿಯ ಕಲ್ಲುಕ್ವಾರಿ ಇದೆ. ಅಲ್ಲಿ 600 ಯೂನಿಟ್ ಬ್ಯಾಟರಿಯ ದೊಡ್ಡ ಡಂಪರ್ ಓಡುತ್ತದೆ. ಖಾಲಿಯಾಗಿ ಗುಡ್ಡ ಹತ್ತಿ, 65 ಟನ್ ಕಲ್ಲು ಹೇರಿಕೊಂಡು ಇಳಿಯುತ್ತದೆ. ಇಳಿಯುವಾಗ ತುಂಬಿದ ಬ್ಯಾಟರಿಯೇ ಮತ್ತೆ ಹತ್ತಲು ಬಹುಪಾಲು ಸಾಕಾಗುತ್ತದೆ. ಲೋಡ್ ಯಾವ ದಿಕ್ಕಿಗೆ ಹೋಗುತ್ತದೆ ಅನ್ನುವುದೇ ಇಲ್ಲಿ ಗುಟ್ಟು. ನಮ್ಮಲ್ಲಿ ಮಂಗಳೂರು ಬಂದರಿನಿಂದ ಗೊಬ್ಬರ, ಕಲ್ಲಿದ್ದಲು, ಗ್ಯಾಸ್ ಟ್ಯಾಂಕರ್ ಮೇಲೆ ಬರುತ್ತವೆ. ಕಾಫಿ, ಗ್ರಾನೈಟ್ ಕೆಳಗೆ ಹೋಗುತ್ತವೆ. ಕೆಳಗೆ ಲೋಡ್, ಮೇಲೆ ಖಾಲಿ ಅನ್ನುವ ಲಾರಿಗೆ ಹೆಚ್ಚು ಲಾಭ. ಮೇಲೆ ಲೋಡ್, ಕೆಳಗೆ ಖಾಲಿ ಅನ್ನುವ ಲಾರಿ ಕೆಳಗೆ ಎಲ್ಲಾದರೂ ಚಾರ್ಜ್ ಮಾಡಿಕೊಂಡೇ ಹೊರಡಬೇಕು.

ಇನ್ನೊಂದು ಸೂಕ್ಷ್ಮ ಇದೆ. ಇಳಿಯಲು ಹೊರಟ ಲಾರಿಯಲ್ಲಿ, ಘಾಟಿಯ ಮೇಲಿನ ಸಕಲೇಶಪುರ ದಾಟುವಾಗಲೇ ಬ್ಯಾಟರಿ ಫುಲ್ ಇದ್ದರೆ ಇಳಿಜಾರಿನ ಕರೆಂಟ್ ಹೋಗುವುದೆಲ್ಲಿಗೆ? ಮೋಟಾರು ಬ್ರೇಕ್ ಹಿಡಿಯುವುದೇ ಇಲ್ಲ. ಹಾಗಾಗಿ ಮುಂದೆ ಘಾಟಿ ಇದೆ ಅಂತ ಗಾಡಿಗೆ ಜಿಪಿಎಸ್‌ನಿಂದ ಮೊದಲೇ ಗೊತ್ತಾಗಿ, ಬ್ಯಾಟರಿಯಲ್ಲಿ ಜಾಗ ಖಾಲಿ ಮಾಡಿಟ್ಟುಕೊಳ್ಳಬೇಕು.

ಹಾಗಾದರೆ ಜಗತ್ತಿನಲ್ಲಿ ಎಲ್ಲರೂ ಯಾಕೆ ಇದನ್ನು ಹಾಕಿಕೊಂಡಿಲ್ಲ? ಅಮೆರಿಕದ ಹೈಲಿಯಾನ್ ಕಂಪನಿ ಮೊದಲು ಟ್ರೇಲರ್‌ನ ಆಕ್ಸಲ್‌ಗೆ, ಅಂದರೆ ಎರಡೂ ಬದಿಯ ಚಕ್ರ ಕೂರುವ ಅಡ್ಡದಂಡಕ್ಕೆ, ಆಮೇಲೆ ಲಾರಿಯ ಆಕ್ಸಲ್‌ಗೇ ಮೋಟಾರು ಜೋಡಿಸಿ ಮಾರಲು ನೋಡಿತು. 2023ರಲ್ಲಿ ಲಾರಿಯ ವ್ಯವಹಾರವನ್ನೇ ಕೈಬಿಟ್ಟಿತು. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವ ಲಾರಿಗೆ ಈ ಆಸರೆಯಿಂದ ಸಿಗುವುದು ಬಹಳ ಕಡಿಮೆ. ಬ್ಯಾಟರಿಯ ತೂಕ ಮಾತ್ರ ದಿನವಿಡೀ ಹೊರಬೇಕು. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್ ಹತ್ತಿರ ರಸ್ತೆಯ ಮೇಲೆ ರೈಲಿನ ಹಾಗೆ ತಂತಿ ಎಳೆದು, ಡೀಸೆಲ್ ಮತ್ತು ಕರೆಂಟು ಎರಡರಲ್ಲೂ ಓಡುವ ಹೈಬ್ರಿಡ್ ಲಾರಿಗಳನ್ನು ಓಡಿಸಿದರು. 2019ರಲ್ಲಿ ಶುರುವಾದ ಆ ಪ್ರಯೋಗ 2024ರ ಕೊನೆಗೆ ಮುಗಿಯಿತು. ಆದರೆ ಸ್ವೀಡನ್‌ನ ಆಯಿಟಿಕ್ ತಾಮ್ರದ ಗಣಿಯಲ್ಲಿ ಇಂಥದ್ದೇ ತಂತಿ ಚೆನ್ನಾಗಿ ಕೆಲಸಕ್ಕೆ ಬಂದಿದೆ. ಯಾಕೆಂದರೆ ಅಲ್ಲಿ ಅದೇ ಲಾರಿ, ಅದೇ ಏರು, ಹಗಲು ರಾತ್ರಿ ಅದೇ ಕೆಲಸ. ಶಿರಾಡಿಯಲ್ಲಿ ತಂತಿ ಎಳೆಯುವ ಯೋಚನೆ ನನಗೆ ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ಗುಡ್ಡವೇ ರಸ್ತೆಗೆ ಜಾರುವ ಜಾಗ ಅದು.

ನಮ್ಮ ಘಾಟಿಗೆ ಸರಿಹೋಗುವುದು ಗಾಡಿಯಲ್ಲೇ ಇರುವ ಮೋಟಾರು. ಇಲ್ಲಿ ಓಡುವ ಎಷ್ಟೋ ಲಾರಿಗಳು ಟ್ರೇಲರ್ ಅಲ್ಲ, 12, 14, 16 ಚಕ್ರದ ಒಂದೇ ಚಾಸಿಯ ಗಾಡಿಗಳು. ಅವುಗಳಲ್ಲಿ ಭಾರ ಹೊರುವುದಕ್ಕಷ್ಟೇ ಇರುವ ಆಕ್ಸಲ್‌ಗಳಿವೆ. ಅಂಥದ್ದೊಂದನ್ನು ಮೋಟಾರು ಆಕ್ಸಲ್ ಮಾಡಬಹುದು. 50 ಯೂನಿಟ್ ಬ್ಯಾಟರಿ ಸೇರಿ ಅರ್ಧ ಟನ್ನಿಗಿಂತ ಜಾಸ್ತಿ ತೂಕ ಬರುತ್ತದೆ. ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುವ ಮಾಲೀಕರಿಗೆ ಅದು ನೇರ ನಷ್ಟ. ಮೋಟಾರಿನ ತೂಕದಷ್ಟು ಒಟ್ಟು ತೂಕದ ಮಿತಿಯಲ್ಲಿ ರಿಯಾಯಿತಿ ಕೊಡದೆ ಇದು ನಡೆಯುವುದಿಲ್ಲ ಅಂತ ನಾನು ಖಂಡಿತ ಹೇಳುತ್ತೇನೆ.

ಹಣದ ಲೆಕ್ಕ? ಏರಿನ ಅರ್ಧ ಭಾರ ಮೋಟಾರು ಹೊತ್ತರೆ ಒಂದು ಸಲಕ್ಕೆ 9 ಲೀಟರ್ ಡೀಸೆಲ್ ಉಳಿಯುತ್ತದೆ. ದಿನಾ ಘಾಟಿ ಹತ್ತಿ ಇಳಿಯುವ ಗಾಡಿಗೆ ಇದು ದೊಡ್ಡ ಮೊತ್ತ. ವಾರಕ್ಕೊಮ್ಮೆ ಬರುವ ಗಾಡಿಗೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಒಂದು ಲಾರಿ ಇಟ್ಟುಕೊಂಡು ಬದುಕುವ ಮಾಲೀಕರ ಮೇಲೆ ಈ ಸಾಲ ಹೇರಬಾರದು. ಮೊದಲು ಬಂದರು ಮತ್ತು ಹಾಸನದ ನಡುವೆ ದಿನವೂ ಓಡುವ ದೊಡ್ಡ ಫ್ಲೀಟ್‌ಗಳಲ್ಲಿ ನೋಡಲಿ.

ಅಂದ ಹಾಗೆ, ಕರೆಂಟಿನ ಆಸರೆ ನಮ್ಮ ಕರಾವಳಿಗೆ ಆಗಲೇ ಇನ್ನೊಂದು ರೂಪದಲ್ಲಿ ಬಂದಿದೆ. ಲಾರಿಗಳನ್ನೇ ರೈಲಿನ ಮೇಲೆ ಸಾಗಿಸುವ ಕೊಂಕಣ ರೈಲ್ವೆಯ ರೋರೋ ಸೇವೆ 1999ರಲ್ಲಿ ಶುರುವಾಯಿತು. ಸುರತ್ಕಲ್‌ನಲ್ಲಿ ಲೋಡ್ ಲಾರಿ ಸೀದಾ ರೈಲಿನ ವ್ಯಾಗನ್ ಹತ್ತುತ್ತದೆ, ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಯುತ್ತದೆ. ಡ್ರೈವರ್ ಗಾಡಿಯ ಜೊತೆಗೇ ಹೋಗುತ್ತಾರೆ, ದಾರಿಯುದ್ದಕ್ಕೂ ಸ್ಟೇರಿಂಗ್ ಮುಟ್ಟಬೇಕಾಗಿಲ್ಲ. 2022ರಲ್ಲಿ ಈ ಮಾರ್ಗ ಪೂರ್ತಿ ವಿದ್ಯುದೀಕರಣವಾಯಿತು. ದೂರದ ಲೋಡಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.

ಶಿರಾಡಿಯಲ್ಲಿ ಲೋಡ್ ಓಡಿಸುವ ಅಣ್ಣಂದಿರು ಯಾರಾದರೂ ಈ ವಿಡಿಯೋ ನೋಡುತ್ತಿದ್ದರೆ, ಮಾರನಹಳ್ಳಿಯಿಂದ ಕೆಳಗೆ ಯಾವ ಗೇರಿನಲ್ಲಿ ಇಳಿಯುತ್ತೀರಿ, ಲೈನರ್ ಎಷ್ಟು ತಿಂಗಳು ಬಾಳಿಕೆ ಬರುತ್ತದೆ ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ನಿಮ್ಮ ಲೆಕ್ಕ ಇಟ್ಟುಕೊಂಡೇ ಮುಂದಿನ ವಿಡಿಯೋ ಮಾಡುತ್ತೇನೆ.